ಟೊಪ್ಪಿ ಮಾತ್ರ ಬದಲು

ಫಳ್ನೀರಿನ ಬೇಕರಿಯ ಹಿಂದೆ, ರಸ್ಕಿನ ಟಿನ್ನುಗಳ ಪಕ್ಕ
ಹಳೆ ಬೆಡ್‌ಶೀಟು ಹೊದ್ದು ನಿಂತಿತ್ತು.
"ಎಲ್ಲ ಒರಿಜಿನಲ್ ಮಾರಾಯ್ರೆ, ಟೊಪ್ಪಿ ಮಾತ್ರ ಬದಲು"
ಅಂದರು ಜಾನೆಟ್ ಬಾಯಮ್ಮ,
ಕೈಯ ಮೈದಾ ಒರೆಸಿ ಬೆಡ್‌ಶೀಟು ಎಳೆದರು.

ಐವತ್ತೆರಡರ ಮೋರಿಸ್ ಮೈನರ್. ತೆರೆದ ಮೈ.
ಕೊಳ್ಳುವವರು ಕೊಯಮತ್ತೂರಿನವರು, ಬಂದಿಲ್ಲ;
ನನ್ನ ಕಣ್ಣು ಮಾತ್ರ ಒಂದು ದಿನದ ಬಾಡಿಗೆಗೆ.

ಮೊದಲು ಹೊಟ್ಟೆಯಡಿ ತೂರಬೇಕು.
ತಲೆ ಕೊಯ್ಯಿಸಿಕೊಂಡ ಸಲೂನುಗಳು ಬೇಕಷ್ಟುಂಟು ಈ ಕಡೆ,
ದಿಬ್ಬಣಕ್ಕೆ, ಗೆದ್ದವರ ಮೆರವಣಿಗೆಗೆ
ಹ್ಯಾಕ್ಸಾ ಬ್ಲೇಡಿನಲ್ಲಿ ಮಾಡು ತೆಗೆಸಿಕೊಂಡವು.
ಅವು ನಡು ಬಗ್ಗಿ ಸಾಯುತ್ತವೆ:
ಹಾಕಿದ ಬಾಗಿಲು ತೆರೆಯದು, ತೆರೆದದ್ದು ಹಾಕಲಾಗದು.
ಇದರ ಬಾಗಿಲು ಎರಡು ಬೆರಳಿಗೆ ಕಚ್ಚಿತು.
ಅಡ್ಡಪಟ್ಟಿ ಉಂಟು. ಬೆಸುಗೆಯ ಚುಕ್ಕಿಗಳು
ಶಂಕರಪುರದ ಮಲ್ಲಿಗೆ ಕಟ್ಟಿದ ಹಾಗೆ ಸಮ ಸಮ.
ಹುಟ್ಟುವಾಗಲೇ ಆಕಾಶ ಕಂಡ ಗಾಡಿ.
ಬರೆದುಕೊಂಡೆ.

ಅಯಸ್ಕಾಂತಕ್ಕೆ ಕರವಸ್ತ್ರ ಸುತ್ತಿ ಮೈಮೇಲೆ ನಡೆಸಿದೆ.
ಎಡ ಮಡ್‌ಗಾರ್ಡಿನಲ್ಲಿ ಜಾರಿತು:
ಅಂಗೈಯಗಲ ಪುಟ್ಟಿ, ಉಪ್ಪುಗಾಳಿ ತಿಂದ ಜಾಗ.
ಬಣ್ಣವನ್ನು ಉಗುರಿನಷ್ಟು ಕೆರೆದೆ.
ಮೇಲೆ ಕೆನೆ, ಅಡಿಗೆ ನೀಲಿ,
ಅದರಡಿಗೆ ಯಾರೋ ಗೇಟಿಗೆ ಬಳಿದು ಉಳಿದ ಹಸಿರು,
ಕೊನೆಗೆ ಒಣಗಿದ ಪುನರ್ಪುಳಿಯ ಕೆಂಪು. ಅದು ಹುಟ್ಟಿನದು.
ನಂಬರ್ ಪ್ಲೇಟಿನಲ್ಲೂ ಹಾಗೆ:
ಮೈಸೂರಿನ ಅಕ್ಷರದ ಅಡಿಯಿಂದ ಮದ್ರಾಸಿನ ಅಕ್ಷರ
ಓರೆ ಬಿಸಿಲಿಗೆ ಎದ್ದು ಕಾಣುತ್ತದೆ.
ಜಿಲ್ಲೆಗೆ ಜಿಲ್ಲೆಯೇ ರಾಜ್ಯ ಬದಲಿಸಿದಾಗ
ಗಾಡಿಯನ್ನು ಯಾರೂ ಕೇಳಲಿಲ್ಲ.

ಇನ್ನು ಪುಸ್ತಕ. ಬಿಸ್ಕತ್ತಿನ ಡಬ್ಬದಲ್ಲಿ,
ಗೆದ್ದಲಿಗೆ ಅಂಚು ಕೊಟ್ಟು ಉಳಿದದ್ದು.
ಮೊದಲು ಡಾಕ್ಟರ್ ಬೊನಿಫಾಸ್ ಲಸ್ರಾದೊ, ಕಂಕನಾಡಿ.
ಆಮೇಲೆ ಹಂಚಿನ ಕಾರ್ಖಾನೆಯ ಮೆನೇಜರು, ಹೆಸರು ಶಾಯಿಯಲ್ಲಿ ಹರಡಿದೆ.
ಆಮೇಲೆ ಬಂದರಿನ ಮೆಣಸಿನ ಮಂಡಿ, ವಿಠಲ ಬಾಳಿಗ.
ಆಮೇಲೆ ಅರವತ್ತೇಳರಿಂದ ಎಪ್ಪತ್ತೆಂಟು
ಯಾರೂ ಇಲ್ಲ. ತೆರಿಗೆಯಿಲ್ಲ, ಮೊಹರಿಲ್ಲ.
ಆಮೇಲೆ ಬಾಯಮ್ಮನ ಅಪ್ಪ.

ಖಾಲಿ ಬಿದ್ದರೆ ದರವೂ ಬೀಳುತ್ತದೆ.
"ನಡುವೆ ಯಾರಲ್ಲಿತ್ತು?"
ಅವರು ಒಲೆಯ ಕಡೆ ನೋಡಿದರು.
"ಗುರುವಪ್ಪನ ಗ್ಯಾರೇಜಲ್ಲಿ, ಜೆಪ್ಪು.
ಬಾಳಿಗರು ರಿಪೇರಿಗೆ ಬಿಟ್ಟರು, ಬಿಲ್ಲು ಕೊಡಲಿಲ್ಲ,
ಗಾಡಿ ಒಯ್ಯಲೂ ಇಲ್ಲ.
ಗುರುವಪ್ಪ ಅದನ್ನು ನಂದು ಅನ್ನಲಿಲ್ಲ.
ಆದಿತ್ಯವಾರ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಕೇಳಿ, ಆಫ್ ಮಾಡ್ತಿದ್ದ.
ಒಮ್ಮೆಯೂ ರಸ್ತೆಗಿಳಿಸಲಿಲ್ಲವಂತೆ.
ಟೊಪ್ಪಿ ಅವನೇ ಹೊಲಿಸಿದ್ದು."

ಬಟ್ಟೆ ಮುಟ್ಟಿದೆ. ದಪ್ಪ. ಅಂಚಿನಲ್ಲಿ ಹಗ್ಗ ಕೂರಿಸಿದ ಹೊಲಿಗೆ.
ಇದು ಮಂಜಿಯ ಹಾಯಿ.
ಹಂಚು ಹೊರುವ ಕೆಲಸ ನಿಂತ ಮೇಲೆ
ಬಂದರಿನಲ್ಲಿ ಸೇರಿನ ಲೆಕ್ಕಕ್ಕೆ ತೂಗಿ ಮಾರಿದ್ದರಲ್ಲ, ಅದು.
ಮೂಗಿಟ್ಟೆ: ಬೇಕರಿಯ ಹುಳಿಹಿಟ್ಟಿನ ನಡುವೆಯೂ
ಒಂದೆಳೆ ಮೀನೆಣ್ಣೆ.

ಡಿಕ್ಕಿಯಲ್ಲಿ ಹಾರ್ಲಿಕ್ಸ್ ಬಾಟಲಿ.
ತೆಗೆದ ಪ್ರತಿ ಸ್ಕ್ರೂ, ಬೀಡಿಕಟ್ಟಿನ ಕಾಗದದ ಚೀಟಿ ಸುತ್ತಿ:
'ಎಡ ಬಾಗಿಲ್, ಮೇಲಿಂದ ಎರಡನೇದ್.'
'ಇದು ಎಲ್ಲಿದಂತ ಗೊತ್ತಿಲ್ಲ, ಬಿಸಾಡಬೇಡಿ.'

ಫಾರ್ಮು ತುಂಬಬೇಕು.
ಹುಡ್: ಒರಿಜಿನಲ್ ಅಲ್ಲ. ಎಂಟು ಅಂಕ ಕಡಿತ.
ಮಾಲೀಕತ್ವ: ಹನ್ನೊಂದು ವರ್ಷ ಅಜ್ಞಾ—
ಪೆನ್ನು ಅಲ್ಲಿ ನಿಂತಿತು.
ಚೀಟಿಯಲ್ಲಿ ಅಕ್ಷರ ಉಂಟಲ್ಲ.
ಹೊಡೆದು ಹಾಕಿ ಬರೆದೆ: ಗುರುವಪ್ಪ, ಜೆಪ್ಪು. ಕಾಗದವಿಲ್ಲ.
ಕೊಯಮತ್ತೂರಿನವರು ಫೋನು ಮಾಡುತ್ತಾರೆ. ಮಾಡಲಿ.
ಹದಿನೈದು ಅಂಕ ಮಾತ್ರ ಕಡಿಯಲೇಬೇಕಾಯಿತು.

ಹೊರಡುವ ಮುಂಚೆ ಬ್ಯಾಟರಿ ಕೊಟ್ಟು ಸ್ವಿಚ್ಚು ತಿರುಗಿಸಿದೆ.
ಎಡದ ಸಿಗ್ನಲ್ ಕೈ ಏಳಲಿಲ್ಲ.
ಬಲದ್ದು, ಗೇಣಿಗಿಂತ ಗಿಡ್ಡ ಕಿತ್ತಳೆ ಕಡ್ಡಿ,
ಟಕ್ಕೆಂದು ಎದ್ದು ಬಾವಿಕಟ್ಟೆಯತ್ತ ತೋರಿಸಿತು.
ಆಫ್ ಮಾಡಿದರೂ ಇಳಿಯಲಿಲ್ಲ.
ಜಾನೆಟ್ ಬಾಯಮ್ಮ ಬಂದು
ಅಂಗಿ ತೊಡಿಸುವಾಗ ಮಗುವಿನ ಕೈ ಮಡಚುವ ಹಾಗೆ
ಅದನ್ನು ಒಳಗಿಟ್ಟು,
ಬನ್ನು ಕರಟುತ್ತದೆಂದು ಓಡಿದರು.